ಅಣ್ಣನ ಕಾರು, ಅವ್ವನ ಗುಂಡುಕಲ್ಲು

ಎಂಟನೆಯ ರೊಟ್ಟಿ ಬಡಿಯುತ್ತಿದ್ದಾಗ ಫೋನು ಬಂತು. ಎರಡೂ ಕೈಗೆ ಜೋಳದ ಹಿಟ್ಟು. ಮೂಗಿನಿಂದ ಒತ್ತಿ, ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೆ. ಶಹಾಪುರದಿಂದ ನಮ್ಮ ವೈನಿ, ಎಂದರೆ ನನ್ನ ಅಣ್ಣನ ಹೆಂಡತಿ.

"ಹೊಂಟೇವ್ರಿ. ನಿಮ್ಮಣ್ಣ ಕಾರು ಚಾಲೂ ಮಾಡ್ಯಾರ. ಸುರಪುರಕ್ಕ ನಿಮ್ಮ ಮನಿಗೇ ಬರಾಕತ್ತೇವಿ."

"ಬ್ರೇಕು?" ಎಂದೆ.

"ಕಲ್ಲು ನನ್ನ ತೊಡಿ ಮ್ಯಾಲ ಅದ," ಎಂದರು. ಫೋನು ಕಟ್ಟಾಯಿತು.

ರೊಟ್ಟಿ ಹಂಚಿನ ಮೇಲೆ ಕರ್ರಗಾಯಿತು. ಕರ್ರಗಾಗಲಿ. ನನ್ನ ಜೀವವೇ ಹಂಚಿನ ಮೇಲಿತ್ತು.

ನಮ್ಮಣ್ಣನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅವನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಯಾರ ಮೇಲೂ ಕೈ ಮಾಡಿದವನಲ್ಲ, ಎಲೆ ಅಡಿಕೆ ಸಹ ಹಬ್ಬಕ್ಕೊಮ್ಮೆ. ಇಷ್ಟು ಒಳ್ಳೆಯ ಮನುಷ್ಯನಿಗೆ ಇಷ್ಟು ಜನ ಹೆದರಿಕೊಂಡು ಬದುಕುವುದು ಇಡೀ ಯಾದಗಿರಿ ಜಿಲ್ಲೆಯಲ್ಲಿ ಇನ್ನೊಂದು ಕಡೆ ಇರಲಿಕ್ಕಿಲ್ಲ. ಶಹಾಪುರದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾನೆ. ತಿರುಗುವ ವಸ್ತು ಯಾವುದಿದ್ದರೂ ಅದು ಗಿರಣಿಯ ತಮ್ಮನೆಂದೇ ಅವನ ತಿಳಿವಳಿಕೆ. ಒಮ್ಮೆ ನನ್ನ ಕೆಟ್ಟ ಮಿಕ್ಸರಿಗೆ ಗಿರಣಿಯ ಪಟ್ಟಾ ಹಾಕಿ ರಿಪೇರಿ ಮಾಡಿದ. ಶೇಂಗಾ ಹಾಕಿ ಗುಂಡಿ ಒತ್ತಿದೆ. ಮಿಕ್ಸರಿನ ಜಾರ್ ಹಾರಿ ಹೋಗಿ ದೇವರ ಜಗಲಿಯ ಮೇಲೆ ನೆಟ್ಟಗೆ ಕೂತಿತು, ಮುಚ್ಚಳ ಸಮೇತ. ಒಂದು ಪುಣ್ಯ, ದೀಪ ಆರಲಿಲ್ಲ.

ಹೀಗೆ ಸಣ್ಣ ಸಣ್ಣ ಪುಣ್ಯ ಎಣಿಸಿಕೊಳ್ಳುವ ಚಟ ನನಗೆ ಬಂದದ್ದೇ ಅಣ್ಣನಿಂದ. ದೊಡ್ಡ ಪುಣ್ಯಕ್ಕೆ ಕಾಯುತ್ತ ಕೂತಿದ್ದರೆ ನಾನು ಎಂದೋ ಎದೆಯೊಡೆದು ಹೋಗುತ್ತಿದ್ದೆ.

ಇಂಥವನಿಗೆ ಎರಡು ವರ್ಷದ ಹಿಂದೆ ಕಾರು ಕಣ್ಣಿಗೆ ಬಿತ್ತು. ಯಾವ ಕಾರು? ಎಲ್ಲರೂ ಕೊಳ್ಳುವ ಸಣ್ಣದಲ್ಲ. ಕಾಂಟೆಸ್ಸಾ! ಒಂದು ಕಾಲಕ್ಕೆ ಸಾಹುಕಾರರು, ಗುತ್ತಿಗೆದಾರರು ಮೆರೆದ ಗಾಡಿ. ಉದ್ದ ಮೂತಿ, ಅಗಲ ಎದೆ, ಗರಡಿಮನೆಯಿಂದ ತೊಡೆ ತಟ್ಟಿಕೊಂಡು ಬಂದ ಜಟ್ಟಿಯ ಹಾಗೆ ನಿಲುವು. ಅಣ್ಣನಿಗೆ ಸಿಕ್ಕ ಜಟ್ಟಿ ಮಾತ್ರ ವಡಗೇರಾದ ಒಂದು ದನದ ಕೊಟ್ಟಿಗೆಯಲ್ಲಿ ಹುಲ್ಲಿನ ಕೆಳಗೆ ಮಲಗಿತ್ತು. ಹಿಂದಿನ ಸೀಟಿನ ಮೇಲೆ ಒಂದು ಕೋಳಿ ಕಾವು ಕೂತಿತ್ತು.

"ಕೋಳಿ ನಂದು. ಗಾಡಿಯಷ್ಟ ಒಯ್ಯಿರಿ," ಎಂದನಂತೆ ಮಾರುವವನು.

"ಮರಿ ಆಗಲಿ. ಬಾಣಂತಿ ಎಬ್ಬಿಸಬಾರದು," ಎಂದು ಅಣ್ಣ ಬರಿಗೈಲಿ ವಾಪಸು ಬಂದ. ಮೂರು ವಾರ ಕಾದ. ವಾರಕ್ಕೊಮ್ಮೆ ಬಸ್ಸಿನಲ್ಲಿ ವಡಗೇರಾಕ್ಕೆ ಹೋಗಿ ಕೋಳಿಯ ಆರೋಗ್ಯ ವಿಚಾರಿಸಿ ಬರುತ್ತಿದ್ದ. ಕೋಳಿ ಇಳಿದ ಮೇಲೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಗಾಡಿ ಎಳೆಸಿಕೊಂಡು ಗಿರಣಿಯ ಮುಂದೆ ತಂದು ನಿಲ್ಲಿಸಿದ.

ನಾನು ತಿಂಥಣಿ ಮೌನಪ್ಪನಿಗೆ ಐದು ಕಾಯಿ ಹರಕೆ ಹೊತ್ತೆ, ಈ ಗಾಡಿ ಎಂದೂ ಚಾಲೂ ಆಗದಿರಲಿ ಎಂದು. ಆಮೇಲೆ ಗೊತ್ತಾಯಿತು, ವೈನಿ ಹತ್ತು ಕಾಯಿ ಹೊತ್ತಿದ್ದರು, ಬೇಗ ಚಾಲೂ ಆಗಿ ಅಂಗಳ ಖಾಲಿಯಾಗಲಿ ಎಂದು. ಹತ್ತರ ಮುಂದೆ ಐದು ಎಲ್ಲಿ ನಿಂತೀತು?

ಅಣ್ಣನ ಕೈಯಲ್ಲಿ ದುಡ್ಡಿರಲಿಲ್ಲ, ಗಿರಣಿ ಇತ್ತು. ಇಂಜಿನ್ನಿನ ಪಟ್ಟಾ ಗಿರಣಿಯದು. ಸೀಟಿನ ಒಳಗೆ ತುಂಬಿದ್ದು ಹಿಟ್ಟಿನ ಹಳೆಯ ಚೀಲ, ಕೂತವರು ಎದ್ದಾಗ ಹಿಂಬದಿ ಬೆಳ್ಳಗೆ. ಹೊಗೆ ಹೋಗುವ ಕೊಳವೆಗೆ ಬಾವಿ ಮೋಟರಿನ ಪೈಪಿನ ತುಂಡು. ಯಾದಗಿರಿಯಿಂದ ವಾರಕ್ಕೊಂದು ದಿನ ಒಬ್ಬ ಮಿಸ್ತ್ರಿ ಚಾಚಾ ಬರುತ್ತಿದ್ದರು. ಕೂಲಿಗೆ ಅರ್ಧ ದುಡ್ಡು, ಅರ್ಧ ಗೋಧಿ ಹಿಟ್ಟು. ಮೊದಲ ಸಲ ಇಂಜಿನ್ ಹೊತ್ತಿದಾಗ ಎದುರು ಮನೆಯ ಎಮ್ಮೆ ಹಗ್ಗ ಹರಿದುಕೊಂಡು ಹೋಯಿತು. ಎಮ್ಮೆ ಸಂಜೆಗೆ ಸಿಕ್ಕಿತು, ಹಾಲು ಮಾತ್ರ ಎರಡು ದಿನ ಸಿಗಲಿಲ್ಲ.

ಹೋದ ತಿಂಗಳು ನೋಡಲು ಹೋದೆ. ಗಾಡಿ ಮಿರಿಮಿರಿ ಮಿಂಚುತ್ತಿತ್ತು. ಮಾಗಿದ ನೇರಳೆ ಹಣ್ಣು ಹಿಸುಕಿದಂಥ ಕೆಂಪು.

"ಬಣ್ಣ ಚಲೋ ಆಗ್ಯಾದ. ಬ್ರೇಕು?" ಎಂದೆ.

"ಬ್ರೇಕಿನ ರೊಕ್ಕ ಬಣ್ಣಕ್ಕ ಹೋತು ತಂಗಿ."

"ಅಣ್ಣಾ, ಮೊದಲು ಬ್ರೇಕ್ ಮಾಡಿಸ್ತಾರೋ ಬಣ್ಣ ಮಾಡಿಸ್ತಾರೋ?"

"ಬಣ್ಣ ಇದ ಆಗಬೇಕಿತ್ತು," ಎಂದ.

ಮಿಸ್ತ್ರಿ ಚಾಚಾ ಗಾಡಿಯ ಕೆಳಗಿಂದ ತಲೆ ಹೊರಗೆ ಹಾಕಿದರು. "ಬ್ರೇಕ್ ಅದ ಆಪಾ. ಬರೇ ಜರಾ ವಿಚಾರ ಮಾಡಿ ಹಿಡಿತದ. ಮೂರು ಸಲ ತುಳಿಬೇಕು. ನಾ ಹೇಳೀನಿ ಇವರಿಗೆ, ಸಾಮಾನು ಬರೂತನಕ ರೋಡಿಗೆ ಒಯ್ಯಬ್ಯಾಡ್ರಿ ಅಂತ."

"ಕೈ ಬ್ರೇಕು?"

"ಅದು ವಿಚಾರನೂ ಮಾಡೂದಿಲ್ಲ."

ಕೈ ಬ್ರೇಕಿಗೆ ಅಣ್ಣ ಎತ್ತಿನ ಗಾಡಿಯವರ ಉಪಾಯ ಮಾಡಿದ್ದ: ಗಾಲಿಗೆ ಅಡ್ಡಗಲ್ಲು. ಕಲ್ಲಾದರೂ ಯಾವುದು? ನಮ್ಮ ಅವ್ವನ ಗುಂಡುಕಲ್ಲು, ಒರಳಿನಲ್ಲಿ ಖಾರ ಅರೆಯುತ್ತಿದ್ದದ್ದು. ಬುಡ ಚಪ್ಪಟೆ, ತಲೆ ದುಂಡಗೆ, ಒಂದು ಕೂಸಿನಷ್ಟು ಭಾರ. ಅವ್ವ ಹೋಗಿ ಹನ್ನೊಂದು ವರ್ಷವಾದರೂ ಮೂಗಿನ ಹತ್ತಿರ ತಂದರೆ ಬೆಳ್ಳುಳ್ಳಿ ವಾಸನೆ ಬರುತ್ತದೆ, ಅಥವಾ ಬರುತ್ತದೆ ಎಂದು ನನಗೆ ಅನ್ನಿಸುತ್ತದೆ.

ಆದರೆ ಗಾಡಿ ತಿಂಗಳುಗಟ್ಟಲೆ ಇಟ್ಟಿಗೆಯ ಮೇಲೆ ನಿಂತಿತ್ತಲ್ಲ, ಕಲ್ಲಿಗೆ ಕೆಲಸವಿರಲಿಲ್ಲ. ಅಣ್ಣ ಅದನ್ನು ಬೇವಿನ ಗಿಡದ ಬುಡಕ್ಕೆ ನೆಟ್ಟಗೆ ನಿಲ್ಲಿಸಿದ್ದ. ಗಿರಣಿಗೆ ಬರುವ ಹೆಂಗಸರು ನೋಡಿದರು. ಬೇವಿನ ಬುಡ, ಕರೀ ಕಲ್ಲು, ದುಂಡು ತಲೆ. ಇನ್ನೇನು ಬೇಕು? ಮೊದಲು ಯಾರೋ ವಿಭೂತಿ ಹಚ್ಚಿದರು. ಮರುವಾರ ಕುಂಕುಮ. ಆಮೇಲೆ ಸೋಮವಾರ ಸೋಮವಾರ ಬಿಲ್ವಪತ್ರೆ, ಒಂದು ಚೊಂಬು ನೀರು. ಯಾರದೋ ಸೊಸೆಗೆ ದಿನ ತುಂಬಿ ಸುಸೂತ್ರ ಹೆರಿಗೆಯಾಯಿತೆಂದು ಕಲ್ಲಿಗೊಂದು ದಾರವೂ ಬಿತ್ತು.

"ಅದು ಅವ್ವನ ಖಾರದ ಕಲ್ಲು ಅಂತ ಹೇಳಬಾರದೇನಣ್ಣ?"

"ಹ್ಯಾಂಗ ಹೇಳಲಿ? ಪೂಜಿಗೆ ಬಂದವರು ಜೋಳನೂ ತರ್ತಾರ. ಗಿರಣಿ ಚಲೋ ನಡದದ."

ಸುಳ್ಳೇಕೆ ಹೇಳಲಿ, ಗೊತ್ತಿದ್ದೂ ನಾನು ಆ ದಿನ ಕೈ ಮುಗಿದೆ. ಮುಗಿದ ಕೈಗೆ ನಷ್ಟವೇನು? ಅಣ್ಣ ಬ್ರೇಕ್ ಮಾಡಿಸುವ ತನಕ ಈ ಗಾಡಿ ಅಲುಗದಿರಲಿ ಎಂದು ಬೇಡಿಕೊಂಡೆ. ಅದೇ ಕಲ್ಲು ಈಗ ವೈನಿಯ ತೊಡೆಯ ಮೇಲೆ ಸವಾರಿ ಹೊರಟಿತ್ತು.

ಶಹಾಪುರದಿಂದ ಸುರಪುರಕ್ಕೆ ಬಹಳವೆಂದರೆ ಮುಕ್ಕಾಲು ತಾಸಿನ ದಾರಿ. ಒಂದು ತಾಸು ಆಯಿತು. ಫೋನು ಹಚ್ಚಿದರೆ ಎತ್ತುವವರಿಲ್ಲ. ಒಲೆ ಆರಿಸಿದೆ. ಬಾಗಿಲಿಗೆ ಹೋದೆ, ಬಂದೆ. ಹತ್ತಿಯ ಲಾರಿಗಳು ಓಡಾಡುವ ಹಾದಿ, ನಡುವೆ ದನ, ಸ್ಕೂಲಿನ ಮಕ್ಕಳು. ಮೂರು ಸಲ ತುಳಿಯುವಷ್ಟು ಪುರಸೊತ್ತು ಯಾರಿಗಿರುತ್ತದೆ? ಇನ್ನಷ್ಟು ಕಾಯಿ ಹರಕೆ ಹೊತ್ತೆ. ಎಷ್ಟೆಂದು ಮರೆತೆ.

ನಮ್ಮ ಮನೆಯವರು ಪೇಪರಿನ ಹಿಂದಿನಿಂದ ಹೇಳಿದರು, "ಕುಂದ್ರು. ನಿಮ್ಮಣ್ಣ ಬರೂದು ಊರ ನಾಯಿಗೋಳು ಮೊದಲು ಹೇಳ್ತಾವ."

ಹಾಗೆಯೇ ಆಯಿತು. ಮೊದಲು ನಾಯಿ, ಆಮೇಲೆ ಗುಡುಗು, ಆಮೇಲೆ ಆ ನೇರಳೆ ಕೆಂಪು ಮೂತಿ.

ಸುರಪುರ ನೋಡಿದವರಿಗೆ ಗೊತ್ತು, ಈ ಊರಲ್ಲಿ ಸಮನಾದದ್ದು ಎಂದರೆ ಊಟದ ತಟ್ಟೆಯೊಂದೇ. ನಮ್ಮ ಮನೆ ಏರಿನ ನೆತ್ತಿಗೆ. ಇಳಿಜಾರಿನ ಬುಡಕ್ಕೆ ಓಣಿಯ ನಳ. ಅಂದು ನೀರು ಬಿಟ್ಟ ದಿನ. ಕೊಡ ಹಿಡಿದ ಹೆಂಗಸರು ನಳದ ಮುಂದೆ ಸಾಲಾಗಿ ನಿಂತಿದ್ದರು.

ಕಾರು ಏದುತ್ತ ಏದುತ್ತ ಏರಿ ನಮ್ಮ ಬಾಗಿಲಿಗೆ ಬಂದು ಒಮ್ಮೆ ಕೆಮ್ಮಿ ಬಂದ್ ಆಯಿತು. ಅಣ್ಣ ಒಳಗಿಂದ ನಕ್ಕ. ಬಿಳೀ ಅಂಗಿ, ತಲೆಗೆ ಎಣ್ಣೆ.

"ಇಳಿ, ಕಲ್ಲು ಇಡು," ಎಂದ ವೈನಿಗೆ.

ವೈನಿ ಇಳಿದರು. ಸೆರಗು ಹೊದ್ದರು. ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣಿಗೆ ಒತ್ತಿಕೊಂಡು, ನೆಟ್ಟಗೆ ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ತುಳಸಿಯ ಪಕ್ಕಕ್ಕೆ ಇಟ್ಟರು.

"ಅಲ್ಲಲ್ಲ. ಗಾಲಿಗಿಡು!"

"ದೇವರನ್ನ ಗಾಲಿಗೆ ಹ್ಯಾಂಗ ಇಡ್ಲಿ? ಬ್ಯಾರೆ ಕಲ್ಲು ತರ್ತೇನಿ, ತಡೀರಿ."

ತಡೆಯುವುದು ಅಣ್ಣನ ಕೈಯಲ್ಲಿ ಎಲ್ಲಿತ್ತು? ಹಾಕಿದ ಗೇರು ಟಕ್ಕೆಂದು ತಾನೇ ಬಿಟ್ಟುಕೊಂಡಿತು. ಕಾರು ಹಿಂದಕ್ಕೆ ಜರುಗಿತು. ಒಂದು ಗೇಣು. ಇನ್ನೊಂದು ಗೇಣು. ಅಣ್ಣ ತುಳಿಯುತ್ತಿದ್ದ, ಒಂದು, ಎರಡು, ಮೂರು. ಬ್ರೇಕು ಇನ್ನೂ ವಿಚಾರ ಮಾಡುತ್ತಿತ್ತು. ಅವನ ಮುಖದ ನಗು ಹೋಗಿ, ಬಣ್ಣವೂ ಹೋಯಿತು.

"ನಳದವ್ರನ್ನ ಸರಸ್ರಿ!" ಎಂದ.

"ಅಣ್ಣಾ, ಜಿಗಿ!"

ಜಿಗಿಯಲಿಲ್ಲ. ಜಿಗಿದರೆ ಗಾಡಿಗೆ ಗೋಡೆ ತೋರಿಸುವವರು ಯಾರು? ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದುಕೊಂಡು ಕೂತುಬಿಟ್ಟ.

ನಾನು ಒಂದು ದಿನವೂ ದೇವರಿಗೆ ನೀರು ಹಾಕದೆ ಚಹಾ ಕುಡಿದವಳಲ್ಲ. ದಾರಿಯಲ್ಲಿ ಬಿದ್ದ ಹೂವನ್ನೂ ತುಳಿಯದವಳು. ಅಂಥವಳು ವಿಭೂತಿ, ಕುಂಕುಮ, ದಾರ ಎಲ್ಲದರ ಸಮೇತ ಆ ಕಲ್ಲನ್ನು ಎತ್ತಿಕೊಂಡು ಓಡಿದೆ.

"ಬ್ಯಾಡ್ರಿ, ಪಾಪ ಬರ್ತದ!" ಎಂದರು ವೈನಿ.

"ಬರಲಿ," ಎಂದೆ. ಹಿಂದಿನ ಗಾಲಿಯ ಬೆನ್ನಿಗೆ ಕಲ್ಲು ಒಗೆದು ಪಕ್ಕಕ್ಕೆ ಸರಿದೆ.

ಗಾಲಿ ಕಲ್ಲು ಹತ್ತಲು ನೋಡಿತು. ಕಲ್ಲು ಕರ್ರ್ ಎಂದು ಮಣ್ಣು ಕಚ್ಚಿಕೊಂಡು ಒಂದು ಮೊಳ ಜಾರಿತು. ನಿಂತಿತು. ಗಾಡಿಯೂ ನಿಂತಿತು. ಆಗ, ಎಲ್ಲ ಮುಗಿದ ಮೇಲೆ, ಬ್ರೇಕು ಹಿಡಿಯಿತು.

ಕೆಳಗೆ ನಳದಲ್ಲಿ ಒಬ್ಬಾಕೆಯ ಕೊಡ ತುಂಬಿ ಚೆಲ್ಲುತ್ತಿತ್ತು. ಅವಳು ಹಿಂತಿರುಗಿ ಸಹ ನೋಡಲಿಲ್ಲ. ನನ್ನ ಜನ್ಮದಲ್ಲಿ ಎಣಿಸಿದ ಪುಣ್ಯಗಳಲ್ಲಿ ಅದೇ ದೊಡ್ಡದು.

ನಮ್ಮ ಮನೆಯವರು ಮೂರು ಇಟ್ಟಿಗೆ ತಂದು ಉಳಿದ ಗಾಲಿಗಳಿಗೆ ಇಟ್ಟರು. ಪೇಪರು ಇನ್ನೂ ಕಂಕುಳಲ್ಲಿತ್ತು. ಅಣ್ಣ ಇಳಿದ. ಕಟ್ಟೆಯ ಮೇಲೆ ಕೂತ. ನನಗೆ ಬೈಗುಳ ಬಾಯಿ ತನಕ ಬಂದಿತ್ತು.

"ಇಷ್ಟು ಹೆದರಸಾಕ ಬಂದ್ಯಾ? ಬ್ರೇಕ್ ಬಿಟ್ಟು ಬಣ್ಣ ಬೇಕಾಗಿತ್ತಾ ನಿನಗ?"

ಅಣ್ಣ ತನ್ನ ಕೈ ನೋಡಿಕೊಂಡ. "ನಿನ್ನ ಮದುವಿ ದಿನ ಯಾರಿಗೂ ಹೇಳದ ಒಬ್ಬ ಗುತ್ತಿಗೆದಾರನ ಗಾಡಿ ತರಬೇಕಂತ ಮಾಡಿದ್ದೆ. ಅದೂ ಇಂಥಾದ. ಇದ ಬಣ್ಣ. ಕೊಡ್ತೇನಿ ಅಂದಿದ್ದ ಅವ. ಮುಂಜಾನಿಂದ ಅವನ ಗೇಟಿನಾಗ ನಿಂತಿದ್ದೆ. ಇವತ್ತು ಆಗೂದಿಲ್ಲ ನಡಿ ಅಂದಾಗ ಹೊತ್ತು ಮುಣುಗಿತ್ತು. ನೀ ಸಿಮೆಂಟಿನ ಟೆಂಪೋದಾಗ ಹೋಗಿಬಿಟ್ಟಿದ್ದಿ."

ನನ್ನ ಮದುವೆಯಾಗಿ ಮೂವತ್ತು ವರ್ಷ. ನನ್ನನ್ನು ಗಂಡನ ಮನೆಗೆ ಕಳಿಸುವಾಗ ಒಬ್ಬನೇ ಅಣ್ಣ ಬಾಗಿಲಲ್ಲಿ ಇರಲಿಲ್ಲವೆಂದು ಎಷ್ಟು ಸಲ ಒಲೆಯ ಮುಂದೆ ಕಣ್ಣೊರೆಸಿಕೊಂಡಿದ್ದೆ. ಏನೋ ಮುನಿಸಿದ್ದೀತು ಎಂದುಕೊಂಡಿದ್ದೆ. ಕೇಳಲಿಲ್ಲ. ಅವನೂ ಹೇಳಲಿಲ್ಲ. ನಾವು ಅಣ್ಣತಂಗಿ ಮಿಕ್ಸರಿನ ಬಗ್ಗೆ ಜಗಳಾಡಿದೆವು, ಎಮ್ಮೆಯ ಬಗ್ಗೆ ನಕ್ಕೆವು.

"ಟೆಂಪೋ ಆರಾಮಿತ್ತಣ್ಣ," ಎಂದೆ. "ಬ್ರೇಕೂ ಇತ್ತು."

ವೈನಿ ಮೊದಲು ನಕ್ಕರು. ಆಮೇಲೆ ಸೆರಗು ಕಣ್ಣಿಗೆ ಹಚ್ಚಿಕೊಂಡರು.

ಅಣ್ಣ ಎದ್ದು ಹಿಂದಿನ ಬಾಗಿಲು ತೆರೆದ. "ಕುಂದ್ರು. ನಡಸೂದಿಲ್ಲ. ಚಾಚಾ ಇಲ್ಲಿಗೇ ಬಂದು ಬ್ರೇಕ್ ಮಾಡೂತನಕ ಗಾಡಿ ಇಲ್ಲೇ ಇರ್ತದ, ಅವ್ವನಾಣಿ. ಸುಮ್ನ ಕುಂದ್ರು."

ಕೂತೆ. ಹಿಟ್ಟಿನ ಚೀಲದ ಸೀಟು ಮೆತ್ತಗಿತ್ತು. ಕೈಯಲ್ಲೂ ಹಿಟ್ಟು, ಸೀಟಲ್ಲೂ ಹಿಟ್ಟು. ಅಣ್ಣ ಮುಂದೆ ಹೋಗಿ ಕೂತು, ಅಂಗಿ ನೆಟ್ಟಗೆ ಮಾಡಿಕೊಂಡು, ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು ಒಂದೇ ಒಂದು ಸಲ ಹಾರನ್ ಬಾರಿಸಿದ. ಉದ್ದಕ್ಕೆ. ಗಾಡಿ ಅಲುಗಲಿಲ್ಲ, ಅವ್ವ ಹಿಡಿದುಕೊಂಡಿದ್ದಳು. ನಳದ ಹೆಂಗಸರೆಲ್ಲ ಈಗ ತಿರುಗಿ ನೋಡಿದರು, ಮದುಮಗಳನ್ನು ನೋಡುವ ಹಾಗೆ.

ಎಷ್ಟು ಹೊತ್ತು ಕೂತಿದ್ದೆನೋ. ಇಳಿದ ಮೇಲೆ ಗಾಲಿಯ ಹತ್ತಿರ ಬಗ್ಗಿ, ಕಲ್ಲಿನ ಕುಂಕುಮಕ್ಕೆ ಹತ್ತಿದ್ದ ಮಣ್ಣನ್ನು ಸೆರಗಿನಿಂದ ಒರೆಸಿದೆ.

"ತಂಗಿ, ಹಸಿವಾಗ್ಯಾದ," ಎಂದ ಅಣ್ಣ.

ಒಳಗೆ ಹೋದೆ. ಕರಕಾದ ರೊಟ್ಟಿ ತೆಗೆದು ಹಂಚು ಒರೆಸಿದೆ. ನಾದಿದ ಹಿಟ್ಟು ಒಣಗಿತ್ತು. ಎಸರಿಗೆ ನೀರಿಟ್ಟು, ಡಬ್ಬಿಯಿಂದ ಇನ್ನೆರಡು ಬೊಗಸೆ ಹಿಟ್ಟು ಹಾಕಿಕೊಂಡೆ.