ಸೀರೆಯ ಕೆಳಗೆ ಪಗಾರದ ಮಾತು

ನಮ್ಮ ಮನೆತನದಲ್ಲಿ ಡಿಗ್ರಿ ಪಾಸಾದ ಮೊದಲ ಮನುಷ್ಯ ನಾನು. ಅದೂ ಬಿ.ಕಾಂ. ಇಳಕಲ್ಲಿನಲ್ಲಿ ಸಾಹುಕಾರರ ಮಗ್ಗದ ಮೇಲೆ ಕೂಲಿಗೆ ಸೀರೆ ನೇಯುತ್ತಿದ್ದ ಅಪ್ಪ ಹೊಟ್ಟೆ ಬಟ್ಟೆ ಕಟ್ಟಿ ಓದಿಸಿದ್ದ. ಹಾಗಾಗಿ ತೊಂಬತ್ತರ ದಶಕದ ಕೊನೆಗೆ ನನ್ನ ಮದುವೆ ಗೊತ್ತಾದಾಗ ಒಂದು ನಿರ್ಧಾರ ಮಾಡಿದೆ. ಅಕ್ಷತೆ ಬೀಳುವ ಮೊದಲೇ ಭಾವಿ ಪತ್ನಿಯೊಂದಿಗೆ ಆರ್ಥಿಕ ಸಮಾಲೋಚನೆ ನಡೆಸತಕ್ಕದ್ದು. ಓದಿದವರ ಲಕ್ಷಣ ಅದು!

ಇದರ ಹಿಂದೆ ಒಂದು ಭಯವೂ ಇತ್ತು. ಮಾತುಕತೆಯ ದಿನ ನನ್ನ ಸೋದರಮಾವ, "ಹುಡುಗಗ ಕೈತುಂಬ ಪಗಾರ ಐತ್ರಿ" ಎಂದುಬಿಟ್ಟಿದ್ದ. ಹುನಗುಂದದ ಸೊಸೈಟಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ನನಗೆ ಬರುತ್ತಿದ್ದದ್ದು ಎರಡೂವರೆ ಸಾವಿರ. ಹುಡುಗಿ ಶೋಭಾ ಶಿರೂರಿನಲ್ಲಿ ಸರಕಾರಿ ಶಾಲೆಯ ಟೀಚರು. ಅವಳ ಅಪ್ಪ ದನದ ಸಂತೆಯಲ್ಲಿ ದಲ್ಲಾಳಿ. ತಾಳಿ ಕಟ್ಟಿದ ಮೇಲೆ ನನ್ನ ಪಗಾರ ಗೊತ್ತಾದರೆ ಅದು ಮೋಸ. ಮೊದಲೇ ಗೊತ್ತಾದರೆ ಅವಳು ಬೇಡ ಅನ್ನಬಹುದು. ಅಂದರೆ ಅನ್ನಲಿ, ಹೇಳಿಯೇ ತೀರಬೇಕು.

ಆದರೆ ಹೇಳುವುದೆಲ್ಲಿ? ಇಬ್ಬರೇ ಕೂತು ಮಾತಾಡುವ ಪದ್ಧತಿ ಇರಲಿಲ್ಲ. ಸಿಕ್ಕ ಒಂದೇ ಅವಕಾಶ ಜವಳಿ ಖರೀದಿ. ಮದುಮಗಳ ಸೀರೆ ಗಂಡಿನ ಕಡೆಯವರು ಕೊಡಿಸಬೇಕು. ಕಿಸೆಯಲ್ಲಿ ನಾಲ್ಕು ಸಾವಿರ ಇಟ್ಟುಕೊಂಡು ಅಪ್ಪ, ನಾನು ಅಂಗಡಿಯ ಗಾದಿಯ ಮೇಲೆ ಕೂತೆವು. ಶೋಭಾಳ ಜೊತೆ ಅವಳಪ್ಪ, ಚಿಕ್ಕಮ್ಮ ಬಂದಿದ್ದರು. ಅಂಗಡಿಯವನು ಒಂದು ಸೀರೆ ಬಿಚ್ಚಿ, ಪಕ್ಕದಲ್ಲೇ ಕೂತಿದ್ದ ಶೋಭಾಳ ಮತ್ತು ನನ್ನ ತೊಡೆಯ ಮೇಲೆ ಹರವಿದ. ನಾನು ಪಿಸುಗುಟ್ಟಿದೆ.

"ನಿಮ್ಮ ಜೋಡಿ ಸ್ವಲ್ಪ ಹಣಕಾಸಿನ ವಿಚಾರ ಮಾತಾಡೂದೈತ್ರಿ."

"ನಾನೂ ಅದನ್ನ ಕೇಳಬೇಕಂತ ಮಾಡಿದ್ದೆ" ಎಂದಳು ಶೋಭಾ. "ಆದ್ರ ಇಲ್ಲಿ ಬಾಯಿ ಬಿಟ್ರ ನಮ್ಮ ಚಿಗವ್ವ ಬಾಗಲಕೋಟಿತನಾ ಡಂಗುರ ಹೊಡಿತಾಳ. ಸೀರಿ ಕೆಳಗ ಕೈ ಕೊಡ್ರಿ."

ಕೊಟ್ಟೆ. ಅವಳು ನನ್ನ ನಾಲ್ಕು ಬೆರಳು ಹಿಡಿದಳು. ಆಮೇಲೆ ಹೆಬ್ಬೆರಳನ್ನು ಅರ್ಧಕ್ಕೆ ಒತ್ತಿದಳು.

ಹೆಣ್ಣೊಬ್ಬಳು ನನ್ನ ಕೈ ಹಿಡಿದದ್ದು ಅದೇ ಮೊದಲು. ಬಿ.ಕಾಂ. ಪೂರ್ತಿ ತಲೆಯಿಂದ ಇಳಿದುಹೋಯಿತು. ಪಗಾರ ಯಾರಿಗೆ ಬೇಕು, ಇದು ಪ್ರೇಮ! ಪ್ರತಿಯಾಗಿ ಅವಳ ಐದೂ ಬೆರಳು ಬಿಗಿಯಾಗಿ ಹಿಡಿದೆ.

ಅವಳ ಹುಬ್ಬು ಮೇಲೇರಿತು. "ಖರೇನ?"

"ಖರೇನ" ಎಂದು ಇನ್ನೊಮ್ಮೆ ಹಿಡಿದೆ.

ಶೋಭಾಳ ಮುಖ ಅರಳಿತು. "ಇವು ಬ್ಯಾಡ್ರಿ, ಅಚ್ಚ ರೇಷ್ಮಿವು ತೋರಸ್ರಿ. ಅತ್ತಿಯವರಿಗೂ ಒಂದು" ಎಂದು ಅಂಗಡಿಯವನಿಗೆ ಹೇಳಿದಳು.

"ತೋರಸ್ರಿ, ತೋರಸ್ರಿ" ಎಂದೆ ನಾನು.

ಅಪ್ಪ ಬೆನ್ನ ಹಿಂದಿನಿಂದ ಚಿವುಟಿದ. "ಲೇ ಮಾಂತ್ಯಾ, ರೊಕ್ಕ ಎಲ್ಲೈತ್ಲೇ?" ನಾನು ನಗುತ್ತಲೇ ಇದ್ದೆ.

ಬಿಲ್ಲು ಒಂಬತ್ತು ಸಾವಿರವಾಯಿತು. ನನ್ನ ನಗು ನಿಂತಿತು. ಅಂಗಿ ಒದ್ದೆಯಾಯಿತು.

"ಹತ್ತು ಸಾವಿರ ಪಗಾರದವರು ಇಷ್ಟಕ್ಕ ಬೆವತ್ರ ಹೆಂಗ್ರಿ?" ಎಂದಳು ಶೋಭಾ.

"ಯಾರಿಗೆ ಹತ್ತು ಸಾವಿರ?"

"ನಿಮಗ. ಐದೈದು ಬೆರಳು ಎರಡು ಸಲ ಹಿಡಿದ್ರಲ್ಲ."

ಆಗ ತಲೆಗೆ ಹೊಳೆಯಿತು. ದನದ ಸಂತೆಯಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ತಿಳಿಸುತ್ತಾರೆ, ಬೆರಳಿಗೊಂದು ಸಾವಿರ. ದಲ್ಲಾಳಿಯ ಮಗಳು ಸೀರೆಯ ಕೆಳಗೆ ಹೇಳಿದ್ದು ಪ್ರೇಮವಲ್ಲ, ತನ್ನ ಪಗಾರ. ನಾಲ್ಕೂವರೆ ಸಾವಿರ.

"ನನ್ನ ಪಗಾರ ಎರಡೂವರಿ ಸಾವಿರ ಅಷ್ಟರಿ" ಎಂದೆ. ಪಿಸುಮಾತಾಗಬೇಕಿದ್ದದ್ದು ಗಾಬರಿಯಲ್ಲಿ ಕೂಗಾಗಿ ಹೊರಬಿತ್ತು. ಚಿಗವ್ವ ಎಲೆಅಡಿಕೆ ಅಗಿಯುವುದನ್ನೇ ನಿಲ್ಲಿಸಿದಳು. ಮದುವೆ ಮುರಿಯಿತು ಎಂದುಕೊಂಡೆ.

ಶೋಭಾಳ ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈಯ ಮೇಲೆ ಹಾಕಿದರು. ಒಳಗೆ ಎರಡು ಬೆರಳು ಹಿಡಿದು, ಮೂರನೆಯದನ್ನು ಅರ್ಧಕ್ಕೆ ಒತ್ತಿದರು.

"ಎರಡೂವರಿ ಅಂದ್ರ ಹಿಂಗ, ಅಳಿಯಂದ್ರ. ನೀವು ಸಂತಿಗೆ ಮಾತ್ರ ಬರಬ್ಯಾಡ್ರಿ. ಎತ್ತಿನ ರೊಕ್ಕ ಕೊಟ್ಟು ಬರೇ ಹಗ್ಗ ಹಿಡಕೊಂಡು ಮನಿಗೆ ಹೋಗ್ತೀರಿ."

ಎಲ್ಲರೂ ನಕ್ಕರು. ನಾನು ಶೋಭಾಳನ್ನೇ ನೋಡುತ್ತಿದ್ದೆ. ಅವಳು ಅಚ್ಚ ರೇಷ್ಮೆಯನ್ನೆಲ್ಲ ಆಚೆ ಸರಿಸಿ, ಸೆರಗಿಗಷ್ಟೇ ರೇಷ್ಮೆಯಿದ್ದ ಒಂದು ನೂಲಿನ ಸೀರೆ ಎತ್ತಿಕೊಂಡಳು.

"ನಂದು ನಾಲ್ಕೂವರಿ, ಇವರದು ಎರಡೂವರಿ. ಏಳು ಸಾವಿರದಾಗ ಸಂಸಾರ ಆಗ್ತೈತ್ಯಪಾ" ಎಂದು ತನ್ನ ಅಪ್ಪನಿಗೆ ಹೇಳಿ, ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು. "ಎಲ್ಲಾರ ಮುಂದ ಖರೆ ಹೇಳಿದ್ರಿ, ಸಾಕು. ಆದ್ರ ಕೈ ಅಷ್ಟ್ ಗಟ್ಟಿ ಯಾಕ ಹಿಡಿದ್ರಿ?"

ನಾನು ಕಿಸೆಯಿಂದ ರೊಕ್ಕ ತೆಗೆದು ಎಣಿಸತೊಡಗಿದೆ.

ಈಗಲೂ ಪಗಾರದ ದಿನ ನಾನು ಮನೆ ಹೊಕ್ಕ ಕೂಡಲೇ ಶೋಭಾ ಕೈ ಚಾಚುತ್ತಾಳೆ. ಇಷ್ಟು ವರ್ಷವಾದರೂ ಒಂದು ಕ್ಷಣ ಪ್ರೇಮವೆಂದೇ ತಿಳಿದು ಹಿಡಿಯಹೋಗುತ್ತೇನೆ.

"ಕೈ ಅಲ್ರಿ" ಎನ್ನುತ್ತಾಳೆ, "ಪಾಕೀಟು."