ಹಂಚುವವನ ಕೂಲಿ

"ಮೂವತ್ತು ಜನ ಯಜಮಾನರ ಮುಂದೆ ನಿಂತು ಹಂದಿ ಹಂಚೋ ಗಂಡಸು ನಾನು. ಎರಡು ಪಿಳ್ಳೆಗಳಿಗೆ ಹಂಚ್ಕೊಂಡು ತಿನ್ನೋದು ಕಲಿಸೋಕಾಗಲ್ವಾ?" ಎಂದು ಲಫಾಯೆಲೆ ಎದೆ ಉಬ್ಬಿಸಿದ.

ಉಬ್ಬಿಸಲು ಕಾರಣವೂ ಇತ್ತು. ಸಮೋವಾದ ಆ ಹಳ್ಳಿಯಲ್ಲಿ ಹಂದಿಯ ಯಾವ ತುಂಡು ಯಾರಿಗೆ ಎಂಬುದು ಕಟ್ಟುನಿಟ್ಟು. ಬೆನ್ನು ದೊಡ್ಡವರಿಗೆ, ಕಾಲು ಸಭೆಯಲ್ಲಿ ಮಾತಾಡುವವರಿಗೆ, ಕುತ್ತಿಗೆ ಹುಡುಗರಿಗೆ. ಒಂದು ತುಂಡು ಅತ್ತಿತ್ತ ಆದರೆ ಎರಡು ತಲೆಮಾರು ಮಾತು ಬಿಡುವ ಜನ. ಮುಂದಿನ ತಿಂಗಳು ಹೊಸ ಚರ್ಚಿನ ಹಬ್ಬ. ಇಡೀ ಸೀಮೆಯ ಹಂದಿಗಳನ್ನು ಹಂಚುವ ಪಟ್ಟ ತನಗೇ ಸಿಗಬೇಕೆಂದು ಲಫಾಯೆಲೆ ಕನಸಿನಲ್ಲೂ ಕತ್ತಿ ಮಸೆಯುತ್ತಿದ್ದ. ಅದನ್ನು ತೀರ್ಮಾನಿಸುವ ಊರಿನ ಹಿರಿಯ ತಾವಿತಾ, ಪಾದ್ರಿಗಳ ಜೊತೆ ಭಾನುವಾರ ಅವನ ಮನೆಗೇ ಊಟಕ್ಕೆ ಬರುವವರಿದ್ದರು.

ಇತ್ತ ಮನೆಯಲ್ಲಿ ಅವನ ಆರು ವರ್ಷದ ಮಗಳು ಫೇತುವೂ ಅವಳ ತಮ್ಮ ತೋಮಾನೂ ಒಂದು ಬನ್ನಿಗಾಗಿ ಒಬ್ಬರನ್ನೊಬ್ಬರು ಕಚ್ಚಿಕೊಂಡಿದ್ದರು. ಬನ್ನನ್ನು ನಾಯಿ ತಿಂದಿತ್ತು.

"ಪಾದ್ರಿಗಳ ಮುಂದೆ ಹೀಗೆ ಕಚ್ಚಾಡ್ಲಿ, ನಿನ್ನ ಪಟ್ಟ ಅಲ್ಲೇ ನೀರುಪಾಲು," ಎಂದಳು ಹೆಂಡತಿ ಲೋಸಾ. "ಊರಿಗೆ ಉಪಕಾರಿ, ಮನೆಗೆ ಮಾರಿ."

ಪಾಠ ಶುರುವಾಯಿತು. ಹಂಚುವವರು ಎದ್ದು ನಿಲ್ಲಬೇಕು. ವಸ್ತುವನ್ನು ಮೇಲೆತ್ತಿ, ಎಲ್ಲಿಂದ ಬಂತು, ಯಾರಿಗೆ ಹೋಗುತ್ತದೆ ಎಂದು ಗಟ್ಟಿಯಾಗಿ ಸಾರಬೇಕು. ತಾವು ಕೊನೆಗೆ ತಿನ್ನಬೇಕು. ಊರಿನ ದೊಡ್ಡವರು ಮಾಡುವುದೂ ಹಾಗೆಯೇ. ಹಂಚುವುದಕ್ಕಿಂತ ಕೂಗುವುದು ಮಕ್ಕಳಿಗೆ ಹಿಡಿಸಿತು.

"ಅಪ್ಪ ತಂದ ಬಾಳೆಹಣ್ಣು, ತಮ್ಮ ತೋಮಾನಿಗೆ!" ಎಂದು ಸಾರಿದಳು ಫೇತು. ಆಮೇಲೆ, "ಅಜ್ಜೀನ ಕೇಳ್ದೆ ಅಮ್ಮ ಎತ್ಕೊಂಡ್ ಬಂದ ಬಾಚಣಿಗೆ, ಅಮ್ಮನಿಗೆ!"

"ಮೆಲ್ಲಗೆ ಕಣೇ, ಅಜ್ಜಿಗೆ ಕೇಳ್ಸುತ್ತೆ," ಎಂದಳು ಲೋಸಾ.

"ಎಲ್ಲಿಂದ ಬಂತು ಅಂತ ಹೇಳ್ಲೇಬೇಕಂತೆ. ಅಪ್ಪ ಹೇಳಿದಾನೆ."

ಲಫಾಯೆಲೆಗೆ ಹೆಮ್ಮೆಯೋ ಹೆಮ್ಮೆ.

ಭಾನುವಾರ ಬಿಸಿಗಲ್ಲಿನ ಒಲೆಯಿಂದ ಹಂದಿ ಹೊರಬಂತು. ಕೊಯ್ಯಲು ಕೂತ ಲಫಾಯೆಲೆಗೆ ಗರಿಗರಿ ಚರ್ಮದ ವಾಸನೆ ತಡೆಯಲಾಗಲಿಲ್ಲ. ಬಡಿಸುವವನು ನಮ್ಮವನಾದರೆ ಕೊನೆಯ ಪಂಕ್ತಿಯಲ್ಲಿ ಕೂತರೂ ಊಟ ಸಿಗುತ್ತದೆ ಎನ್ನುತ್ತಾರೆ. ಬಡಿಸುವವನು ತಾನೇ ಆದರೆ ಏನೂ ಸಿಗುವುದಿಲ್ಲ ಎಂಬುದು ಅವನ ಅನುಭವ. ಇಷ್ಟು ವರ್ಷ ಹಂಚಿ ಅವನಿಗೆ ಉಳಿದದ್ದು ಕೆಸುವಿನ ಗಡ್ಡೆ ಮತ್ತು ಕೈಗಂಟಿದ ಜಿಡ್ಡು. ಬೆನ್ನಿನ ಅರ್ಧ ತುಂಡನ್ನು ಬಾಳೆ ಎಲೆಯಲ್ಲಿ ಸುತ್ತಿ ಅಡುಗೆ ಗುಡಿಸಲಿನ ಮೂಲೆಯಲ್ಲಿ, ಬುಟ್ಟಿಯ ಹಿಂದೆ ತಳ್ಳಿದ. ತಿರುಗಿ ನೋಡಿದರೆ ತೋಮಾ.

"ಏನಪ್ಪಾ ಅದು?"

"ಹಂಚೋನ ಕೂಲಿ ಮಗಾ. ಎಲ್ರೂ ತಿಂದು ಹೋದ್ಮೇಲೆ ತಿನ್ನೋದು. ಯಾರಿಗೂ ಹೇಳ್ಬೇಡ."

ತೋಮಾ ತಲೆಯಾಡಿಸಿದ. ಲಫಾಯೆಲೆ ಅವನ ತಲೆ ಸವರಿ, ಅತಿಥಿಗಳಿಗೆ ಚಾಪೆ ಹಾಸಲು ಹೋದ.

ಪಾದ್ರಿಗಳು, ತಾವಿತಾ ಚಕ್ಕಳಮಕ್ಕಳ ಹಾಕಿ ಕೂತರು. "ಇವತ್ತು ನನ್ನ ಮಕ್ಕಳೇ ಹಂಚ್ತಾರೆ," ಎಂದ ಲಫಾಯೆಲೆ. ಫೇತು ಎದ್ದು ಸಾರಿದಳು. ತೋಮಾ ತಟ್ಟೆ ಹೊತ್ತ. ಕಾಲು, ಕುತ್ತಿಗೆ ಒಂದೂ ತಪ್ಪಲಿಲ್ಲ. ತಾವಿತಾ ತಲೆದೂಗಿದರು. ಪಟ್ಟ ಇನ್ನೇನು ತಲೆಯ ಮೇಲೆ ಕೂರುವುದರಲ್ಲಿತ್ತು. ಅಷ್ಟರಲ್ಲಿ ಫೇತು ನಿಂತುಬಿಟ್ಟಳು.

"ಬೆನ್ನು ಅರ್ಧಾನೇ ಇದೆ."

"ಇರೋದನ್ನ ಕೊಡು ಪುಟ್ಟಿ."

"ಹಂದಿಗೆ ಅರ್ಧ ಬೆನ್ನು ಇರುತ್ತಾ ಅಪ್ಪ?"

ಅಷ್ಟು ಕೇಳಿದವಳೇ ನೆಲದ ಮೇಲಿನ ಜಿಡ್ಡಿನ ಹನಿಗಳ ಜಾಡು ಹಿಡಿದು ಗುಡಿಸಲಿಗೆ ಓಡಿದಳು. ಹಿಂದಿರುಗಿದವಳು ಪೊಟ್ಟಣವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

"ಅಪ್ಪ ಬುಟ್ಟಿ ಹಿಂದೆ ಬಚ್ಚಿಟ್ಟ ಬೆನ್ನಿನ ತುಂಡು, ಪಾದ್ರಿಗಳಿಗೆ!"

ಯಾರು ಏನು ಸಾರಿದರೂ ಭೇಷ್ ಎನ್ನುವುದು ಊರಿನ ವಾಡಿಕೆ; ಬೇಲಿಯಾಚೆ ಊಟಕ್ಕೆ ಕೂತಿದ್ದ ನೆರೆಯವರು ಕೂಡ "ಭೇಷ್" ಎಂದರು. ಲೋಸಾ ಬೀಸಣಿಗೆಯಿಂದ ಮುಖ ಮುಚ್ಚಿಕೊಂಡಳು.

ಪಾದ್ರಿಗಳು ತುಂಡನ್ನು ತಿರುಗಿಸಿ ನೋಡಿ, "ತುಂಬಾ ಚೆನ್ನಾಗಿ ಕಲಿಸಿದ್ದೀಯಪ್ಪ," ಎಂದರು. ತಾವಿತಾ ನಿಧಾನವಾಗಿ ಬಾಯಿ ಒರೆಸಿಕೊಂಡರು. "ಹಬ್ಬಕ್ಕೆ ಯಾರು ಅಂತ ಯೋಚ್ನೆ ಮಾಡ್ತಿದ್ದೆ. ಈ ಹುಡುಗೀನೇ ಸರಿ, ಆದ್ರೆ ಇನ್ನೂ ಬೆಳೀಬೇಕಲ್ಲ. ಅಲ್ಲೀವರೆಗೆ ಪಕ್ಕದೂರಿನ ಪೆನಿಯಾಮಿನಾನೇ ಹಂಚ್ಲಿ."

ಅತಿಥಿಗಳು ಹೋದರು. ಪಟ್ಟವೂ ಹೋಯಿತು, ಬೆನ್ನೂ ಹೋಯಿತು. ತಣ್ಣಗಾದ ಕೆಸುವಿನ ಗಡ್ಡೆ ಹಿಡಿದು ಲಫಾಯೆಲೆ ಗುಡಿಸಲಿನ ಹಿಂದಕ್ಕೆ ಹೋದ. ಅಲ್ಲಿ ತೋಮಾ ಕೂತು ಗರಿಗರಿ ಚರ್ಮ ಕಡಿಯುತ್ತಿದ್ದ. ಮಡಿಲಲ್ಲಿ ಬಾಳೆ ಎಲೆಯ ತುಂಡು.

"ಎಲ್ಲಿಂದ ಬಂತೋ ಇದು?"

"ನಿನ್ ಪೊಟ್ಟಣದಿಂದ. ಅಕ್ಕ ನೋಡೋಕ್ ಮುಂಚೆ ತಕ್ಕೊಂಡೆ."

ಬೈಯಬೇಕೆಂದುಕೊಂಡ ಲಫಾಯೆಲೆ ವಾಸನೆಗೆ ಸೋತು ಪಕ್ಕದಲ್ಲೇ ಕುಕ್ಕರಿಸಿದ. "ಹಂಚ್ಕೊಂಡು ತಿನ್ಬೇಕು ಅಂತ ಹೇಳ್ಕೊಟ್ಟಿದೀನಲ್ಲ ಮಗಾ. ಅಪ್ಪಂಗೊಂದು ಚೂರು?"

ತೋಮಾ ಎಲೆಯನ್ನು ಮಡಚಿ ಎದೆಗವಚಿಕೊಂಡ.

"ಇದು ಹಂಚೋನ ಕೂಲಿ ಅಪ್ಪ. ಯಾರಿಗೂ ಹೇಳ್ಬೇಡ."