ವಕೀಲರ ಪಟ್ಟದ ಮೀನು

ಮೀನಿಗೆ ನೀರಿದ್ದರೆ ಸಾಕು ಎಂದು ರಾಯಚೂರಿನ ವಕೀಲ ಬಿಂದೂರಾಯರು ನಂಬಿದ್ದರು. ನೀರಿನಲ್ಲೂ ಸಾಧು, ಮುಂಗೋಪಿ ಎಂಬ ಭೇದವಿದೆಯೆಂದು ಅವರ ಕಾಯಿದೆ ಪುಸ್ತಕಗಳು ಹೇಳಿರಲಿಲ್ಲ. ಅವರ ಹಿತ್ತಿಲ ಬಾವಿಯದಂತೂ ಶುದ್ಧ ಮುಂಗೋಪಿ. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸಾಬೂನು ನೊರೆ ಬಿಡುತ್ತಿರಲಿಲ್ಲ. ಹಂಡೆಯ ಒಳಗೆ ಸುಣ್ಣ ಬಳಿದಂತೆ ಬಿಳಿ ಪೊರೆ ಕಟ್ಟುತ್ತಿತ್ತು.

ಅಂಥ ನೀರಿಗೆ ಬಣ್ಣದ ಮೀನು ತರಲು ಅವರು ಹೊರಟದ್ದಕ್ಕೆ ಒಂದು ಸಾವು ಕಾರಣ. ಸರಕಾರಿ ವಕೀಲರು ತೀರಿಕೊಂಡಿದ್ದರು. (ವೈಕುಂಠ ಸಮಾರಾಧನೆಯ ಊಟದಲ್ಲಿ ಬಿಂದೂರಾಯರು ದುಃಖ ತಡೆಯಲಾರದೆ ಎರಡು ಹೋಳಿಗೆ ಹೆಚ್ಚು ತಿಂದರು.) ಆ ಕುರ್ಚಿಗೆ ಹೆಸರು ಸೂಚಿಸುವವರು ಜಿಲ್ಲೆಯ ದೊಡ್ಡ ಅಧಿಕಾರಿ, ನಿಜಾಮರ ತಾಲೂಕ್ದಾರ ಸಾಹೇಬರು. ಅವರ ಹೈದರಾಬಾದಿನ ಬಂಗಲೆಯಲ್ಲಿ ಗಾಜಿನ ತೊಟ್ಟಿ, ಅದರಲ್ಲಿ ರಂಗುರಂಗಿನ ಮೀನು ಎಂದು ಸುದ್ದಿ. ಮಾನ್ವಿಯ ಇನ್ನೊಬ್ಬ ವಕೀಲರ ಕಣ್ಣೂ ಅದೇ ಕುರ್ಚಿಯ ಮೇಲಿತ್ತು. ಬಿಂದೂರಾಯರು ತಡಮಾಡದೆ, ತಮ್ಮಲ್ಲೂ ಬಣ್ಣದ ಮೀನಿದೆ ಎಂದು ಹೇಳಿ, ಸಾಹೇಬರನ್ನು ದ್ವಾದಶಿಯ ಸಂಜೆ ಚಹಾಕ್ಕೆ ಕರೆದರು. ನಡುಮನೆಯಲ್ಲಿ ಗಾಜಿನ ತೊಟ್ಟಿಯ ಪ್ರತಿಷ್ಠಾಪನೆ ಮಾಡಿದರು.

“ನಟ್ಟನಡುವ ಒಂದು ಪಟ್ಟದ ಮೀನು ಬೇಕು. ನೋಡಿದವರು ಎದ್ದು ನಿಲ್ಲಬೇಕು,” ಎಂದು ಅತ್ತರಿನ ವ್ಯಾಪಾರಿ ಸತ್ತಾರ್ ಸಾಬರಿಗೆ ಹೇಳಿದರು. ಅತ್ತರಿನ ಜೊತೆ ಹೈದರಾಬಾದಿನಿಂದ ಮೀನನ್ನೂ ತರಿಸಿ ಮಾರುವವರು ಅವರು.

“ಬಣ್ಣ ಕೇಳ್ರಿ ವಕೀಲ್ ಸಾಬ್, ಕೊಡ್ತೀನಿ. ಆಯುಷ್ಯ ಕೇಳಬ್ಯಾಡ್ರಿ.”

ಮೊದಲು ಕೆಂಪು ಮೀನು ಬಂತು. ಮರುದಿನ ಅಡಿಗೆಯ ಹೊತ್ತಿಗೆ ಹೊಟ್ಟೆ ಮೇಲಾಗಿ ತೇಲಿತು. ರಾಯರ ಹೆಂಡತಿ, ದೇವದುರ್ಗದ ಆಚಾರವಂತರ ಮಗಳು ಜಾನಕಿಬಾಯಿ, ಒಲೆ ಆರಿಸಿ ಹೊರಗೆ ಬಂದು ಕೂತರು.

“ಮನ್ಯಾಗ ಹೆಣ ಇಟ್ಕೊಂಡು ಊಟ ಹ್ಯಾಂಗ ಮಾಡೂದು?”

“ಏ, ಅದು ಮೀನು.”

“ಬದುಕಿದ್ದಾಗ ಮತ್ಸ್ಯಾವತಾರ ಅಂತ ನನ್ನ ಕಡಿಂದ ಕೈ ಮುಗಿಸಿದ್ರಿ, ಸತ್ತ ಮ್ಯಾಲ ಮೀನಾತೇನು? ಹೊತ್ಕೊಂಡು ಹೋಗ್ರಿ. ಸ್ನಾನ ಮಾಡಿ ಬರ್ರಿ. ಆಮ್ಯಾಲ ಒಲಿ.”

ವಕೀಲರು ತಮ್ಮ ವಾದಕ್ಕೆ ತಾವೇ ಸಿಕ್ಕಿಬಿದ್ದಿದ್ದರು. ಹೆಂಡತಿ ತೊಟ್ಟಿಯನ್ನು ಒಳಗೆ ಬಿಟ್ಟುಕೊಳ್ಳಲಿ ಎಂದು ಮೀನಿಗೆ ಅವತಾರದ ಪದವಿ ಕೊಟ್ಟವರು ಅವರೇ. ಜಾನಕಿಬಾಯಿಯೋ, ದೇವರಿಗೆ ತಂಗಳ ನೀರು ಆಗದೆಂದು ದಿನವೂ ನಸುಕಿನಲ್ಲಿ ಮಡಿಯುಟ್ಟು, ನಿನ್ನೆಯ ನೀರನ್ನೆಲ್ಲ ಚೆಲ್ಲಿ, ಬಾವಿಯ ಹೊಸ ನೀರು ತುಂಬುತ್ತಿದ್ದರು. ಭಕ್ತಿಯಲ್ಲಿ ಲೋಪವಿರಲಿಲ್ಲ. ಅವತಾರಗಳು ಮಾತ್ರ ಮುಗಿಯುತ್ತಿದ್ದವು.

ಎರಡನೆಯದು ಕಪ್ಪು ಮೀನು, ಕೋರ್ಟಿನ ಗೌನು ತೊಟ್ಟಂತೆ. ಆ ಇಡೀ ವಂಶದಲ್ಲಿ ತಿಳಿವಳಿಕೆ ಇದ್ದದ್ದು ಅದೊಂದಕ್ಕೇ: ಏಕಾದಶಿಯ ದಿನ ಸತ್ತಿತು. ಯಾರ ಊಟವೂ ತಪ್ಪಲಿಲ್ಲ.

ಆ ಸಂಜೆಯೇ ಬಂಗಾರದ ಮೀನು ಬಂತು. ಬಾಲವೆಂದರೆ ಜರತಾರಿ ಸೆರಗು. ಬಿಂದೂರಾಯರು ಅದರ ಮುಂದೆ ಕೂತು ಸರಕಾರಿ ವಕೀಲರು ಹೇಗೆ ಕೆಮ್ಮಬೇಕೋ ಹಾಗೆ ಕೆಮ್ಮಿ ನೋಡಿದರು.

ದ್ವಾದಶಿಯ ನಸುಕು. ಹಿಂದಿನ ದಿನದಿಂದ ತುಟಿಗೆ ಹನಿ ನೀರಿಲ್ಲ. ಒಳಗೆ ಪಾರಣೆಯ ಅಡಿಗೆ ಘಮಘಮಿಸುತ್ತಿತ್ತು. ಹೊಸ ನೀರು ತುಂಬಿದ್ದ ತೊಟ್ಟಿಗೆ ರಾಯರು ಇಣುಕಿದರೆ ಬಂಗಾರ ತೇಲುತ್ತಿತ್ತು. ಬಾಯಿ ಬಿಟ್ಟರೆ ಅನ್ನವೆಲ್ಲ ಬೀದಿಪಾಲು. ಅವರು ಅತ್ತಿತ್ತ ನೋಡಿ, ಮೃತನನ್ನು ಗೂಟಕ್ಕೆ ತೂಗುಹಾಕಿದ್ದ ಶೇರ್ವಾನಿಯ ಜೇಬಿಗೆ ಇಳಿಸಿದರು.

“ಬಂಗಾರದ್ದು ಎಲ್ಲದ? ಕಾಣವಲ್ಲದು,” ಎಂದರು ಜಾನಕಿಬಾಯಿ ಬಡಿಸುತ್ತ.

“ಕಲ್ಲಿನ ಸಂದ್ಯಾಗ ಮಲಗ್ಯದ. ಸಾರು ಹಾಕು.”

ಊಟವಾದ ಮೇಲೆ ಮಣ್ಣು ಮಾಡಬೇಕೆಂದಿದ್ದರು. ಪಾರಣೆಯ ನಿದ್ದೆ ಎಂಥ ಅಪರಾಧವನ್ನೂ ಮರೆಸಿಬಿಡುತ್ತದೆ. ಸಂಜೆ ಎದ್ದವರೇ ಶೇರ್ವಾನಿಗೆ ಅತ್ತರು ಬಳಿದು ತೊಟ್ಟು ನಿಂತರು.

ಸಾಹೇಬರು ಬಂದು ತೊಟ್ಟಿಯ ಮುಂದೆ ಕೂತರು. ಒಳಗೆ ಬೂದಿ ಬಣ್ಣದ ಒಂದೇ ಒಂದು ಮೀನು. ಬೆಳಗಿನ ಕೊಡದ ಜೊತೆ ಬಾವಿಯಿಂದ ಮೇಲೆ ಬಂದದ್ದು, ಸತ್ತವರ ಮನೆಗೆ ಬಾಡಿಗೆಗೆ ಬಂದವನಂತೆ ನಿಶ್ಚಿಂತೆಯಿಂದ ಈಜುತ್ತಿತ್ತು.

“ನೀವು ಹೇಳಿದ ಬಣ್ಣದ ಮೀನು ಇದೇ ಏನ್ರಿ?”

ರಾಯರಿಗೆ ಬೆವರೊಡೆಯಿತು. ಒರೆಸಿಕೊಳ್ಳಲು ಜೇಬಿನಿಂದ ಕರವಸ್ತ್ರ ಎಳೆದರು. ಅದರ ಬೆನ್ನಿಗೇ ಬಂಗಾರದ ಮೀನು ಹೊರಬಿದ್ದು ಸಾಹೇಬರ ಚಹಾದ ಬಟ್ಟಲು ಸೇರಿತು.

ಸಾಹೇಬರು ಬಟ್ಟಲನ್ನು ನೋಡಿದರು, ವಕೀಲರನ್ನು ನೋಡಿದರು, ಮೂಗು ಮುಚ್ಚಿಕೊಂಡು ಮೋಟಾರು ಹತ್ತಿದರು. ಕುರ್ಚಿ ಮಾನ್ವಿಯವರ ಪಾಲಾಯಿತು.

“ಹೆಣ ಗೂಟಕ್ಕ ತೂಗಹಾಕಿ ಮೂರು ಸಲ ಅನ್ನ ಹಾಕಿಸ್ಕೊಂಡ್ರಿ,” ಎಂದರು ಬಾಗಿಲಲ್ಲಿ ನಿಂತಿದ್ದ ಜಾನಕಿಬಾಯಿ. ಪ್ರಾಯಶ್ಚಿತ್ತಕ್ಕೆ ಮತ್ತೆ ಉಪವಾಸ ಎಂದು ತೀರ್ಪಾಯಿತು, ಅಪೀಲಿಗೆ ಅವಕಾಶವಿರಲಿಲ್ಲ.

ಹಸಿದ ಬಿಂದೂರಾಯರು ತೊಟ್ಟಿಯ ಮುಂದೆ ಕೂತಿದ್ದರು. ಮರುದಿನದ ಹೊಸ ನೀರಿನಲ್ಲೂ ಬೂದಿ ಮೀನು ಬಾಲ ಬೀಸುತ್ತಿತ್ತು.

“ಅಲ್ಲ, ಅಂಥಾ ಬಂಗಾರದಂಥಾ ಮೀನು ಸತ್ತು ಹೋದವು. ಇದರಾಗ ಏನದ ಅಂತ ಇದೊಂದು ಬದುಕ್ಯದ?”

ಜಾನಕಿಬಾಯಿ ಕೊಡ ಕೆಳಗಿಟ್ಟರು.

“ಇದನ್ನ ನೀವು ತಂದಿಲ್ಲ.”